ಹಳೇ ಆಲ್ಟೊ ಪೆಟ್ರೋಲ್ ಕುಡಿಯುತ್ತಿದ್ದರೆ ಮೊದಲು ಚಕ್ರ ತಿರುಗಿಸಿ ನೋಡಿ

ಹಾಸನ, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಹತ್ತು ಹದಿನೈದು ವರ್ಷ ದಾಟಿದ ಆಲ್ಟೊ, ಮಾರುತಿ 800, ಜೆನ್, ಸ್ಯಾಂಟ್ರೊಗಳು ಇವತ್ತಿಗೂ ದಿನಾ ಓಡುತ್ತಿವೆ. ಮೈಲೇಜ್ ಬಿತ್ತು ಎಂದು ಗ್ಯಾರೇಜಿಗೆ ಕೊಟ್ಟರೆ ಸಾಮಾನ್ಯವಾಗಿ ಪ್ಲಗ್ ಬದಲಾಗುತ್ತದೆ, ಏರ್ ಫಿಲ್ಟರ್ ಬದಲಾಗುತ್ತದೆ, ಟ್ಯೂನಿಂಗ್ ಅಂತ ಒಂದು ಬಿಲ್ಲು ಬರುತ್ತದೆ. ಆದರೆ ಈ ಸೀಮೆಯ ಹಳೇ ಕಾರುಗಳಲ್ಲಿ ಪೆಟ್ರೋಲ್ ಹೆಚ್ಚಾಗಿ ಪೋಲಾಗುವುದು ಬೇರೆ ಎರಡು ಕಡೆ. ಒಂದು, ಮಳೆಗಾಲದ ನೀರು ಕೆಸರಿಗೆ ಜಂಗು ಹಿಡಿದು ಬಿಗಿಯಾದ ಬ್ರೇಕು. ಇನ್ನೊಂದು, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ಕವಾಟ) ಕಿತ್ತುಹಾಕಿದ್ದರಿಂದ ಸರಿಯಾಗಿ ಬಿಸಿಯೇ ಆಗದ ಎಂಜಿನ್. ಇವೆರಡನ್ನೂ ಮನೆಯ ಅಂಗಳದಲ್ಲೇ ಅರ್ಧ ದಿನದಲ್ಲಿ ಪರೀಕ್ಷೆ ಮಾಡಬಹುದು. ಕೆಳಗೆ ಬರೆದಿರುವುದು ಮುಖ್ಯವಾಗಿ 796 ಸಿಸಿ, ಮೂರು ಸಿಲಿಂಡರಿನ ಆಲ್ಟೊ ಮತ್ತು 800 ಗಾಡಿಗಳಿಗೆ. ಉಳಿದ ಸಣ್ಣ ಪೆಟ್ರೋಲ್ ಕಾರುಗಳಿಗೂ ಬಹುಪಾಲು ಹೊಂದುತ್ತದೆ.

ಮೊದಲು ಅಳತೆ

ಐನೂರು ರೂಪಾಯಿಗೆ ಹಾಕಿಸಿ ಮುಳ್ಳು ನೋಡಿ ಲೆಕ್ಕ ಹಾಕುವುದು ಅಳತೆಯಲ್ಲ. ಒಂದೇ ಬಂಕು, ಸಾಧ್ಯವಾದರೆ ಅದೇ ಪಂಪು. ನಳಿಕೆ ತಾನಾಗಿ ಮೊದಲ ಸಲ ಕಟ್ ಆಗುವವರೆಗೆ ತುಂಬಿಸಿ ಅಲ್ಲಿಗೆ ನಿಲ್ಲಿಸಿ, ರೌಂಡ್ ಫಿಗರ್ ಮಾಡಲು ಬಿಡಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ ಕನಿಷ್ಠ 300 ಕಿ.ಮೀ. ಓಡಿಸಿ, ಮತ್ತೆ ಹಾಗೇ ತುಂಬಿಸಿ. 412 ಕಿ.ಮೀ.ಗೆ 24.6 ಲೀಟರ್ ಹಿಡಿದರೆ 412 ಭಾಗಿಸು 24.6, ಅಂದರೆ ಲೀಟರಿಗೆ 16.7. ಹೀಗೆ ಮೂರು ಟ್ಯಾಂಕಿನ ಸರಾಸರಿ ಬೇಕು, ಒಂದೇ ಟ್ಯಾಂಕಿನ ಲೆಕ್ಕದಲ್ಲಿ ಅರ್ಧ, ಮುಕ್ಕಾಲು ಕಿ.ಮೀ. ಆಚೀಚೆ ಆಗುವುದು ಸಹಜ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ 20 ಕಿ.ಮೀ. ಓಡಿಸಿ ಮೀಟರನ್ನೂ ತಾಳೆ ನೋಡಿಬಿಡಿ. ಮೂಲ ಅಳತೆ ಬಿಟ್ಟು ಬೇರೆ ಟಯರ್ ಹಾಕಿಸಿದ್ದರೆ ಮೀಟರೇ ಸುಳ್ಳು ಹೇಳುತ್ತಿರುತ್ತದೆ.

ಘಾಟಿ ಇಳಿದು ಹತ್ತುವವರು ಒಂದು ವಿಷಯ ಗಮನಿಸಬೇಕು. ಮಂಗಳೂರಿನ ಕಡೆಗೆ ಇಳಿಯುವಾಗ ಬಂದ ಮೈಲೇಜನ್ನು ಮಾತ್ರ ಹಿಡಿದು ಖುಷಿಪಡುವಂತಿಲ್ಲ, ಹತ್ತುವಾಗಿನದನ್ನು ನೋಡಿ ಗಾಬರಿ ಬೀಳುವಂತೆಯೂ ಇಲ್ಲ. ಮೂರು ಜನ ಕೂತ ಆಲ್ಟೊ ಸುಮಾರು 900 ಕೆಜಿ ತೂಗುತ್ತದೆ. ಶಿರಾಡಿ ಘಾಟಿಯ ಬುಡದಿಂದ ಸಕಲೇಶಪುರಕ್ಕೆ ಅದನ್ನು ಹತ್ತಿರ ಹತ್ತಿರ 800 ಮೀಟರ್ ಮೇಲೆತ್ತಲು, ರಸ್ತೆಯ ದೂರಕ್ಕೆ ಬೇಕಾದ ಪೆಟ್ರೋಲಿನ ಮೇಲೆ ಇನ್ನೂ ಮುಕ್ಕಾಲರಿಂದ ಒಂದು ಲೀಟರ್ ಖರ್ಚಾಗಲೇಬೇಕು. ಇಳಿಯುವಾಗ ಅದರಲ್ಲಿ ಒಂದು ಪಾಲು ಮಾತ್ರ ವಾಪಸ್ ಬರುತ್ತದೆ, ಉಳಿದದ್ದು ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಹೋಗಿ ಬಂದ ಲೆಕ್ಕವನ್ನು ಒಟ್ಟಿಗೆ ಹಿಡಿಯಿರಿ.

ಆರೋಗ್ಯವಾಗಿರುವ ಹಳೇ ಆಲ್ಟೊ ಪೇಟೆಯೊಳಗೆ 13ರಿಂದ 15, ಹಾಸನ–ಬೇಲೂರು–ಚಿಕ್ಕಮಗಳೂರಿನಂಥ ರಸ್ತೆಯಲ್ಲಿ 16ರಿಂದ 18, ಬೆಂಗಳೂರು ಹೆದ್ದಾರಿಯಲ್ಲಿ 65–70ರ ವೇಗ ಕಾಯ್ದುಕೊಂಡರೆ 19ರ ಮೇಲೆ ಕೊಡಬೇಕು. ಇದಕ್ಕಿಂತ ಎರಡು ಮೂರು ಕಡಿಮೆ ಬರುತ್ತಿದ್ದರೆ ಮುಂದಿನ ಕೆಲಸ ಶುರು ಮಾಡಿ.

ಚಕ್ರ ಸಲೀಸಾಗಿ ತಿರುಗುತ್ತಿದೆಯೇ

ಹತ್ತು ಹದಿನೈದು ಕಿ.ಮೀ. ಓಡಿಸಿ ಬನ್ನಿ. ಕೊನೆಯ ಒಂದು ಕಿ.ಮೀ. ಆದಷ್ಟು ಬ್ರೇಕ್ ಒತ್ತದೆ ಬಂದು, ಹ್ಯಾಂಡ್ ಬ್ರೇಕ್ ಎಳೆಯದೆ ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ. ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಸುಡಬಹುದು. ಎಡ ಬಲ ಒಂದೇ ಬಿಸಿ ಇರಬೇಕು. ಮುಂದಿನವು ಹಿಂದಿನವಕ್ಕಿಂತ ಸ್ವಲ್ಪ ಹೆಚ್ಚು ಬಿಸಿ ಇರುವುದು ಸರಿಯೇ. ಒಂದೇ ಒಂದು ಚಕ್ರ ಕಾವಲಿಯಂತೆ ಕಾದಿದ್ದರೆ ಕಳ್ಳ ಸಿಕ್ಕ ಹಾಗೆ.

ಆಮೇಲೆ ಜಾಕಿ. ಎದುರು ಬದಿಯ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಒಂದೊಂದೇ ಚಕ್ರ ಎತ್ತಿ, ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿ ಬಿಡಿ. ಹಿಂದಿನ ಚಕ್ರ ಎರಡು ಮೂರು ಸುತ್ತು ತಾನೇ ಸುತ್ತಬೇಕು. ಮುಂದಿನ ಚಕ್ರ ಗೇರ್‌ಬಾಕ್ಸಿನ ಭಾಗಗಳನ್ನೂ ಎಳೆದುಕೊಂಡು ತಿರುಗುವುದರಿಂದ ಅಷ್ಟು ಸುತ್ತುವುದಿಲ್ಲ, ಆದರೆ ಒಂದೇ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಪ್ಯಾಡಿನ ಸವರು ಸದ್ದು ಸಣ್ಣಗೆ ಕೇಳಿಸಿದರೆ ಪರವಾಗಿಲ್ಲ. ಗುರ್ ಎನ್ನುವ ಸದ್ದು, ಜೊತೆಗೆ ಚಕ್ರವನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ ಆಟ ಇದ್ದರೆ ಅದು ಬೇರಿಂಗ್. ಜಾಕಿ ಒಂದನ್ನೇ ನಂಬಿ ಕಾರಿನ ಕೆಳಗೆ ಯಾವತ್ತೂ ತೂರಬೇಡಿ, ಸ್ಟ್ಯಾಂಡ್ ಕೊಡಿ.

ಮುಂದಿನ ಚಕ್ರ ಬಿಗಿಯಿದ್ದರೆ ಹತ್ತರಲ್ಲಿ ಎಂಟು ಸಲ ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿ) ಜಾರುವ ಪಿನ್ನುಗಳು ಒಣಗಿರುತ್ತವೆ. ಒಂದೊಂದು ಕ್ಯಾಲಿಪರಿಗೆ ಎರಡು ಪಿನ್. ಬಿಚ್ಚಿ, ಜಂಗು ತೆಗೆದು, ರಬ್ಬರ್ ಬೂಟು ಹರಿದಿದ್ದರೆ ಬದಲಿಸಿ, ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚಿ. ಇಲ್ಲೇ ಬಹಳ ಕಡೆ ತಪ್ಪಾಗುವುದು: ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ತುಂಬುತ್ತಾರೆ. ಅದರ ಎಣ್ಣೆಗೆ ರಬ್ಬರ್ ಉಬ್ಬುತ್ತದೆ, ಮೂರು ತಿಂಗಳಿಗೆ ಪಿನ್ ಮೊದಲಿಗಿಂತ ಬಿಗಿಯಾಗುತ್ತದೆ. ಪಿನ್ ಸರಿಯಿದ್ದೂ ಚಕ್ರ ಬಿಗಿಯಿದ್ದರೆ ಬ್ರೇಕ್ ಆಯಿಲ್ ಹೊರಬಿಡುವ ಬ್ಲೀಡರ್ ಸ್ಕ್ರೂ ಸ್ವಲ್ಪ ಸಡಿಲಿಸಿ ನೋಡಿ. ತಕ್ಷಣ ಚಕ್ರ ಸಡಿಲವಾದರೆ ಒತ್ತಡ ಒಳಗೇ ಉಳಿಯುತ್ತಿದೆ, ಹೋಸ್ ಒಳಗಡೆ ಊದಿಕೊಂಡಿರಬಹುದು. ಸಡಿಲವಾಗದಿದ್ದರೆ ಪಿಸ್ಟನ್ ಜಂಗು ಹಿಡಿದಿದೆ. ಇವೆರಡೂ ಬ್ರೇಕ್ ಕೆಲಸ ಬಲ್ಲವರಿಗೆ ಬಿಡಬೇಕಾದ ಕೆಲಸ. ಆಮೇಲೆ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯದೆ ಕಾರು ರಸ್ತೆಗಿಳಿಸುವಂತಿಲ್ಲ.

ಹಿಂದಿನದು ಬಿಗಿಯಿದ್ದರೆ ಹ್ಯಾಂಡ್ ಬ್ರೇಕ್ ಕೇಬಲ್ ಮೇಲೆ ಅನುಮಾನ. ಮಳೆಗಾಲದಲ್ಲಿ ತೋಟದ ರಸ್ತೆಯ ಕೆಸರು ಕೇಬಲಿನ ಕವಚದೊಳಗೆ ಹೋಗಿ, ಲಿವರ್ ಇಳಿಸಿದರೂ ಕೇಬಲ್ ಪೂರ್ತಿ ವಾಪಸ್ ಬರುವುದಿಲ್ಲ. ಅದಕ್ಕೆ ಎಣ್ಣೆ ಬಿಡುವುದು ಎರಡು ವಾರದ ಉಪಾಯ, ಕೇಬಲ್ ಬದಲಿಸುವುದೇ ವಾಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯ ಹತ್ತಿರ ಮಟ್ಟಸ ಜಾಗದಲ್ಲಿ ರಾತ್ರಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಬದಲು ಫಸ್ಟ್ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಒದ್ದೆಯಾದ ಲೈನರ್ ಡ್ರಮ್ಮಿಗೆ ಅಂಟುವುದು ತಪ್ಪುತ್ತದೆ.

ಗಾಳಿ

12 ಇಂಚಿನ ಟಯರಿನಲ್ಲಿ ನಾಲ್ಕೈದು ಪಿಎಸ್‌ಐ ಕಡಿಮೆಯಾದರೂ ಕಣ್ಣಿಗೆ ಕಾಣುವುದಿಲ್ಲ. ಎಷ್ಟು ಹಾಕಬೇಕು ಎನ್ನುವುದು ಚಾಲಕನ ಬಾಗಿಲಿನ ಬಳಿಯ ಸ್ಟಿಕರ್‌ನಲ್ಲೋ ಕಾರಿನ ಪುಸ್ತಕದಲ್ಲೋ ಇರುತ್ತದೆ. ಪೂರ್ತಿ ಲೋಡಿಗೆ ಹಿಂದಿನ ಟಯರಿಗೆ ಹೆಚ್ಚು ಹೇಳಿದ್ದರೆ ಅದನ್ನು ಪಾಲಿಸಿ. ಬೆಳಗ್ಗೆ ಟಯರ್ ತಣ್ಣಗಿರುವಾಗ ನೋಡಬೇಕು. ಹತ್ತಿಪ್ಪತ್ತು ಕಿ.ಮೀ. ಓಡಿದ ಟಯರಿನಲ್ಲಿ ಮೂರು ನಾಲ್ಕು ಪಿಎಸ್‌ಐ ಹೆಚ್ಚೇ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ ಮಾರನೇ ದಿನ ಕಡಿಮೆಯಾಗಿರುತ್ತದೆ. ಪಂಕ್ಚರ್ ಅಂಗಡಿಯ ಗೇಜುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಆದ್ದರಿಂದ ಸ್ವಂತಕ್ಕೊಂದು ಗೇಜ್ ಇಟ್ಟುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಸ್ಟೆಪ್ನಿಯೂ ಸೇರಿ ನೋಡಿ. 40ಕ್ಕೆ ಏರಿಸಿ ಮೈಲೇಜ್ ಕದಿಯುವ ಅಭ್ಯಾಸ ಮಲೆನಾಡಿಗೆ ಸಲ್ಲ: ಮಳೆಯಲ್ಲಿ ನೆನೆದ ತಿರುವಿನಲ್ಲಿ ಸಣ್ಣ ಟಯರ್ ಹಿಡಿತ ಬಿಡುತ್ತದೆ.

ಟಯರಿನ ಮೇಲೆ ಅಂಗೈ ಅಡ್ಡಡ್ಡ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಡೆದರೆ ಅಲೈನ್‌ಮೆಂಟ್ ತಪ್ಪಿದೆ. ಗುಂಡಿ ಹಾರಿಸಿದ ಮೇಲೆ ಇದು ಸಾಮಾನ್ಯ. ಚಕ್ರಗಳು ದಾರಿಯುದ್ದಕ್ಕೂ ಒಂದನ್ನೊಂದು ಎಳೆದಾಡುತ್ತಿರುತ್ತವೆ. ಅಲೈನ್‌ಮೆಂಟಿಗೆ ಮುಂಚೆ ಟೈ ರಾಡ್ ತುದಿ, ಲೋವರ್ ಆರ್ಮ್ ಬುಷ್ ನೋಡಿಸಿ. ಅಲ್ಲಿ ಆಟ ಇದ್ದರೆ ಅಲೈನ್‌ಮೆಂಟಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ.

ಬಿಸಿಯಾಗದ ಎಂಜಿನ್

ಘಾಟಿಯಲ್ಲಿ ಒಮ್ಮೆ ಎಂಜಿನ್ ಕಾದರೆ ಸಾಕು, ಥರ್ಮೋಸ್ಟಾಟ್ ಕಿತ್ತು ಎಸೆಯುವ, ರೇಡಿಯೇಟರ್ ಫ್ಯಾನನ್ನು ಕೀಲಿ ತಿರುಗಿಸಿದ ಕೂಡಲೇ ಓಡುವಂತೆ ಡೈರೆಕ್ಟ್ ಕೊಡುವ ಪದ್ಧತಿ ಎಲ್ಲ ಕಡೆ ಇದೆ. ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿರುವ ಹಾಸನ, ಚಿಕ್ಕಮಗಳೂರಿನ ಚಳಿಗೆ ಇದು ತೀರಾ ಕೆಟ್ಟ ಕೆಲಸ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ) ಗಾಡಿಯ ಕಂಪ್ಯೂಟರ್ ಕೂಲೆಂಟಿನ ಉಷ್ಣಾಂಶ ನೋಡಿಯೇ ಪೆಟ್ರೋಲ್ ಅಳೆಯುತ್ತದೆ. ಎಂಜಿನ್ ತಣ್ಣಗಿದೆ ಎಂದು ಸೆನ್ಸರ್ ಹೇಳುತ್ತಿರುವವರೆಗೂ ಅದು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಎಣ್ಣೆಯೂ ಗಟ್ಟಿಯಾಗೇ ಉಳಿದು ಎಂಜಿನ್ನಿಗೆ ಭಾರ. ಡಿಸೆಂಬರ್ ಬೆಳಗಿನಲ್ಲಿ ಹತ್ತು ಕಿ.ಮೀ. ಹೋಗಿಬರುವವರಿಗೆ ಇದೊಂದರಿಂದಲೇ ಲೀಟರಿಗೆ ಒಂದೆರಡು ಕಿ.ಮೀ. ಹೋಗಬಹುದು.

ಪರೀಕ್ಷೆ ಸುಲಭ. ರಾತ್ರಿ ನಿಂತ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಹಿಡಿದು ನೋಡುತ್ತಿರಿ. ಕೈ, ಬಟ್ಟೆ, ಸೆರಗು ಫ್ಯಾನಿನಿಂದ ದೂರವಿರಲಿ. ಥರ್ಮೋಸ್ಟಾಟ್ ಸರಿಯಿದ್ದರೆ ಹೋಸ್ ಕೆಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆ. ಮೊದಲ ನಿಮಿಷದಿಂದಲೇ ಸ್ವಲ್ಪ ಸ್ವಲ್ಪವಾಗಿ ಬೆಚ್ಚಗಾಗುತ್ತ ಹೋದರೆ ಥರ್ಮೋಸ್ಟಾಟ್ ಇಲ್ಲ, ಇಲ್ಲವೇ ತೆರೆದುಕೊಂಡೇ ಕಚ್ಚಿಕೊಂಡಿದೆ. ಇಳಿಜಾರಿನಲ್ಲಿ ಉಷ್ಣಾಂಶದ ಮುಳ್ಳು ಕೆಳಗೆ ಬೀಳುವುದೂ ಇದರದೇ ಗುರುತು.

ಹೊಸದನ್ನು ಹಾಕುವ ಮುಂಚೆ ಪಾತ್ರೆಯ ನೀರಿನಲ್ಲಿ ದಾರಕ್ಕೆ ನೇತುಹಾಕಿ ಕಾಯಿಸಿ ನೋಡಿ. ಅದರ ಮೇಲೆ ಅಚ್ಚಾಗಿರುವ ಡಿಗ್ರಿಗೆ, ಸಾಮಾನ್ಯವಾಗಿ 82 ಅಥವಾ 88ಕ್ಕೆ, ಬಾಯಿ ತೆರೆಯಲು ಶುರುವಾಗಬೇಕು. ತಳಕ್ಕೆ ತಾಗಿಸಬೇಡಿ, ಪಾತ್ರೆಯ ತಳ ನೀರಿಗಿಂತ ಬಿಸಿ. ಹೌಸಿಂಗಿನ ಹಳೇ ಗ್ಯಾಸ್ಕೆಟ್ ಪೂರ್ತಿ ಕೆರೆದು ಹೊಸದು ಹಾಕಿ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಕೊಳವೆಬಾವಿಯ ಗಡಸು ನೀರು ಬೇಡವೇ ಬೇಡ. ತುಂಬಿದ ಮೇಲೆ ತಣ್ಣಗಿರುವಾಗಲೇ ಮುಚ್ಚಳ ತೆರೆದಿಟ್ಟು ಸ್ಟಾರ್ಟ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ಗುಳ್ಳೆ ನಿಲ್ಲುವವರೆಗೆ ತುಂಬುತ್ತ ಬಂದು ಮುಚ್ಚಿ. ಬಿಸಿ ಎಂಜಿನ್ನಿನ ಮುಚ್ಚಳ ತೆರೆಯಬೇಡಿ. ಫ್ಯಾನ್ ಡೈರೆಕ್ಟ್ ಕೊಟ್ಟಿದ್ದರೆ ಅದನ್ನೂ ಮೊದಲಿನಂತೆ ಸ್ವಿಚ್ಚಿಗೋ ರಿಲೇಗೋ ಸೇರಿಸಿ. ಹಾಗೆ ಮಾಡಿದಾಗ ಕಾರು ಮತ್ತೆ ಕಾದರೆ ರೇಡಿಯೇಟರ್ ಕಟ್ಟಿದೆ ಎಂದರ್ಥ. ಥರ್ಮೋಸ್ಟಾಟ್ ತೆಗೆದು ಅವತ್ತು ಮುಚ್ಚಿಟ್ಟದ್ದು ಇದೇ ಕಾಯಿಲೆಯನ್ನು.

ಥರ್ಮೋಸ್ಟಾಟ್ ಸರಿಯಿದ್ದೂ ಪೆಟ್ರೋಲ್ ವಾಸನೆ, ಕಪ್ಪು ಹೊಗೆ ಇದ್ದರೆ ಕೂಲೆಂಟ್ ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಮಲ್ಟಿಮೀಟರಿನಲ್ಲಿ ಅಳೆದರೆ 20 ಡಿಗ್ರಿಗೆ ಎರಡೂವರೆ ಕಿಲೋ ಓಮ್‌ನಷ್ಟು, 80 ಡಿಗ್ರಿಗೆ 300 ಓಮ್ ಆಸುಪಾಸು ಬರಬೇಕು. ಬಿಸಿಯಾದರೂ ಸಾವಿರದ ಮೇಲೇ ಇದ್ದರೆ ಬದಲಿಸಿ.

ಎಮಿಷನ್ ಚೀಟಿ ಓದಿ

ಎಮಿಷನ್ ಟೆಸ್ಟ್ ಚೀಟಿಯನ್ನು ಪೊಲೀಸರಿಗೆ ತೋರಿಸಲಿಕ್ಕೆಂದು ಮಡಚಿಡುವ ಮುಂಚೆ ಅದರಲ್ಲಿರುವ ಸಿಒ, ಅಂದರೆ ಕಾರ್ಬನ್ ಮಾನಾಕ್ಸೈಡ್ ಅಂಕಿ ನೋಡಿ. ಬಿಎಸ್ (ಭಾರತ್ ಸ್ಟೇಜ್ ಹೊಗೆ ಮಾನದಂಡ) 2 ಮತ್ತು 3ರ ಪೆಟ್ರೋಲ್ ಕಾರಿಗೆ ಮಿತಿ ಶೇ 0.5, ಬಿಎಸ್ 4ಕ್ಕೆ ಶೇ 0.3. ಪಾಸಾಯಿತು ಎನ್ನುವುದಷ್ಟೇ ಸಾಲದು. ಆಕ್ಸಿಜನ್ ಸೆನ್ಸರ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಿರುವ ಗಾಡಿಯಲ್ಲಿ ಅಂಕಿ ಮಿತಿಗಿಂತ ಬಹಳ ಕೆಳಗಿರುತ್ತದೆ. ಮಿತಿಯ ಅಂಚಿಗೇ ಬರುತ್ತಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿದೆ, ಇಲ್ಲವೇ ಕನ್ವರ್ಟರ್ ಸತ್ತಿದೆ. ಎಂಜಿನ್ ಬಿಸಿಯಿರುವಾಗ, ಟೆಸ್ಟ್ ಯಂತ್ರದ ಕೊಳವೆಯನ್ನು ಸೈಲೆನ್ಸರ್ ಒಳಗೆ ತೂರಿಸಿ ತೆಗೆದ ಅಂಕಿಗೆ ಮಾತ್ರ ಬೆಲೆ.

ಜೊತೆಗೆ ಮೂರೂ ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಸರಿ. ಮೂರೂ ಒಣ ಮಸಿ ಕಪ್ಪಾದರೆ ಪೆಟ್ರೋಲ್ ಹೆಚ್ಚು: ಆಕ್ಸಿಜನ್ ಸೆನ್ಸರ್, ಕೂಲೆಂಟ್ ಸೆನ್ಸರ್ ನೋಡಬೇಕು. ಒಂದೇ ಕಪ್ಪಾದರೆ ಆ ಸಿಲಿಂಡರಿನ ಪ್ಲಗ್ ವಯರ್, ಕಾಯಿಲ್ ಅಥವಾ ಸೋರುವ ಇಂಜೆಕ್ಟರ್. ಜಿಡ್ಡಾಗಿದ್ದರೆ ಎಣ್ಣೆ ಒಳಗೆ ಬರುತ್ತಿದೆ. ಪ್ಲಗ್ಗನ್ನು ತಣ್ಣಗಿನ ಎಂಜಿನ್ನಿಗೆ ಮೊದಲು ಕೈಯಲ್ಲೇ ತಿರುವಿ ಕೂರಿಸಿ. ಹೆಡ್ ಅಲ್ಯೂಮಿನಿಯಂ, ಎಳೆ ಕೆಟ್ಟರೆ ದುಬಾರಿ.

ಏರ್ ಫಿಲ್ಟರ್ ಬಗ್ಗೆ ಎರಡು ಮಾತು. ಎಂಪಿಎಫ್‌ಐ ಗಾಡಿಯಲ್ಲಿ ಕಟ್ಟಿದ ಫಿಲ್ಟರ್ ಮೊದಲು ಕಡಿಮೆ ಮಾಡುವುದು ಎಳೆತವನ್ನು, ಮೈಲೇಜಿಗೆ ಏಟು ಕಾರ್ಬ್ಯುರೇಟರ್ ಗಾಡಿಯಲ್ಲೇ ಹೆಚ್ಚು. ಆದರೂ ಕಾಫಿ ಕುಯ್ಲಿನ ತಿಂಗಳುಗಳಲ್ಲಿ ತೋಟದ ಮಣ್ಣುರಸ್ತೆಯ ಧೂಳು ವಿಪರೀತ, ತಿಂಗಳಿಗೊಮ್ಮೆ ತೆಗೆದು ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಸಿ. ಡಬ್ಬದೊಳಗೆ ಇಲಿ ಗೂಡು ಕಟ್ಟಿದೆಯೇ, ಸೆನ್ಸರ್ ವಯರ್ ಕಡಿದಿದೆಯೇ ಎಂದೂ ನೋಡಿ. ತೋಟದ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಇದು ಮಾಮೂಲು.

ಕಾರ್ಬ್ಯುರೇಟರಿನ 800 ಇದ್ದವರಿಗೆ

ನಮ್ಮ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ 10 ತೆಳು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು, ಅಂದರೆ ಜೆಟ್, ಅದೇ ಆದ್ದರಿಂದ ಮಿಶ್ರಣದಲ್ಲಿ ಪೆಟ್ರೋಲ್ ಒಂದು ಪಾಲು ಹೆಚ್ಚಾಗುತ್ತದೆ. ಹಿಂದೆ ಇದಕ್ಕೆಂದು ಜೆಟ್ ಚಿಕ್ಕದು ಮಾಡಿಸುತ್ತಿದ್ದವರಿದ್ದರು. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇದೆ, ಅದು ಮಿಶ್ರಣವನ್ನು ತೆಳುವಾಗಿಸುತ್ತದೆ. ಒಂದಕ್ಕೊಂದು ಹೆಚ್ಚುಕಡಿಮೆ ಸರಿಹೋಗುತ್ತದೆ, ಜೆಟ್ ಮುಟ್ಟಬೇಡಿ. ನೋಡಬೇಕಾದದ್ದು ಚೋಕ್ ಪೂರ್ತಿ ವಾಪಸ್ ತೆರೆಯುತ್ತಿದೆಯೇ, ಫ್ಲೋಟಿನ ಸೂಜಿ ಸೋರುತ್ತಿದೆಯೇ, ಪೆಟ್ರೋಲ್ ಪಂಪಿನ ಪೊರೆ, ರಬ್ಬರ್ ಹೋಸುಗಳು ಬಿರುಕು ಬಿಟ್ಟಿವೆಯೇ ಎಂದು. ಎಥನಾಲ್ ಹಳೇ ರಬ್ಬರನ್ನು ತಿನ್ನುತ್ತದೆ. ಹೋಸ್ ಬದಲಿಸುವಾಗ ಎಥನಾಲ್ ತಡೆಯುವಂಥದ್ದನ್ನೇ ಕೇಳಿ ತನ್ನಿ. ಇದು ಮೈಲೇಜಿಗಿಂತ ಹೆಚ್ಚಾಗಿ ಬೆಂಕಿಯ ವಿಷಯ.

ಇ20ಯಿಂದ ಬೀಳುವ ಮೈಲೇಜನ್ನು ಯಾವ ರಿಪೇರಿಯೂ ವಾಪಸ್ ತರುವುದಿಲ್ಲ. ಎಥನಾಲಿನ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲು. ಲೆಕ್ಕಕ್ಕೆ ಶುದ್ಧ ಪೆಟ್ರೋಲಿಗಿಂತ ಶೇ 6–7, ಹಿಂದಿನ ಇ10ಗಿಂತ ಶೇ 3ರಷ್ಟು ಕಡಿಮೆ. ಹದಿನೆಂಟು ಕೊಡುತ್ತಿದ್ದ ಗಾಡಿ ಹದಿನೇಳೂವರೆಗೆ ಇಳಿದರೆ ಅದು ಇಂಧನದ್ದು, ಹದಿನಾಲ್ಕಕ್ಕೆ ಇಳಿದರೆ ಗಾಡಿಯದ್ದು.

ಓಡಿಸುವ ರೀತಿ

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದನ್ನು ಬಿಡಿ. ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಎಂಪಿಎಫ್‌ಐ ಎಂಜಿನ್ ಇಂಜೆಕ್ಟರ್‌ಗಳನ್ನು ಮುಚ್ಚಿಬಿಡುತ್ತದೆ, ಆರ್‌ಪಿಎಂ ತೀರಾ ಇಳಿಯುವವರೆಗೆ ಖರ್ಚು ಸೊನ್ನೆ. ನ್ಯೂಟ್ರಲ್‌ನಲ್ಲಾದರೆ ಐಡಲಿಂಗಿಗೆ ಗಂಟೆಗೆ ಅರ್ಧ ಲೀಟರಿನಷ್ಟು ಉರಿಯುತ್ತಲೇ ಇರುತ್ತದೆ. ಅದಕ್ಕಿಂತ ಮುಖ್ಯ, ಚಾರ್ಮಾಡಿ, ಶಿರಾಡಿಯಲ್ಲಿ ಬ್ರೇಕ್ ಕಾದು ಪೆಡಲ್ ಮೆತ್ತಗಾದರೆ ಹಿಡಿಯಲು ಗೇರೊಂದೇ ಇರುವುದು. ಕೀ ಆಫ್ ಮಾಡಿ ಇಳಿದರೆ ಬ್ರೇಕಿನ ಬೂಸ್ಟರ್ ಎರಡು ಮೂರು ಒತ್ತಿಗೆ ಖಾಲಿಯಾಗುತ್ತದೆ, ಸ್ಟೀರಿಂಗ್ ಲಾಕ್ ಬೀಳುವ ಅಪಾಯ ಬೇರೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ.

ಹತ್ತುವಾಗ ಮೇಲಿನ ಗೇರಿನಲ್ಲಿ ಎಂಜಿನ್ ನರಳಿಸಿದರೆ ಉಳಿತಾಯವಿಲ್ಲ. ತಿರುವಿಗೆ ಮುಂಚೆಯೇ ಗೇರ್ ಇಳಿಸಿ, ನಡುಮಟ್ಟದ ಆರ್‌ಪಿಎಂನಲ್ಲಿ ಒಂದೇ ಹದದಲ್ಲಿ ಎಳೆಯಲಿ. ಏರಿನಲ್ಲಿ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಅದೂ ಪೆಟ್ರೋಲ್ ತಿನ್ನುತ್ತದೆ. ಹೆದ್ದಾರಿಯಲ್ಲಿ ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ 70ರಲ್ಲಿದ್ದದ್ದು 90ಕ್ಕೆ ಒಂದೂವರೆ ಪಟ್ಟಿಗೂ ಮೇಲಾಗುತ್ತದೆ. ಖಾಲಿ ಕ್ಯಾರಿಯರ್ ಬಿಚ್ಚಿಡಿ, ಡಿಕ್ಕಿಯಲ್ಲಿ ಮರೆತ ಗೊಬ್ಬರದ ಚೀಲ ಇಳಿಸಿ. ಬೆಳಗ್ಗೆ ಐದು ನಿಮಿಷ ನಿಲ್ಲಿಸಿ ಬಿಸಿ ಮಾಡುವ ಬದಲು ಅರ್ಧ ನಿಮಿಷಕ್ಕೆ ಹೊರಟು ಮೊದಲ ಎರಡು ಕಿ.ಮೀ. ಮೆಲ್ಲಗೆ ಓಡಿಸಿ.

ಮ್ಯಾಗ್ನೆಟ್, ಪೆಟ್ರೋಲಿಗೆ ಬೆರೆಸುವ ಬಾಟಲಿ, ಹೈಡ್ರೋಜನ್ ಕಿಟ್ಟುಗಳಿಗೆ ದುಡ್ಡು ಹಾಕಬೇಡಿ. ಅದೇ ದುಡ್ಡಿಗೆ ಒಂದು ಹ್ಯಾಂಡ್ ಬ್ರೇಕ್ ಕೇಬಲ್ ಬರುತ್ತದೆ.

ಇಷ್ಟೆಲ್ಲ ಮಾಡಿ ಮೂರು ಟ್ಯಾಂಕ್ ಕಳೆದ ಮೇಲೂ ಅಂಕಿ ಏಳದಿದ್ದರೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ತೆರೆಯುವ ಭಾಗಗಳ ನಡುವಿನ ಸಂದು) ನೋಡಿಸಿ, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಎಂಜಿನ್ ಬಿಸಿಯಿರಬೇಕು, ಮೂರೂ ಪ್ಲಗ್ ಹೊರಗೆ, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಷನ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಗೇಜಿನ ಮುಳ್ಳು ನಿಲ್ಲುವವರೆಗೆ ಸೆಲ್ಫ್ ಹೊಡೆಯಬೇಕು. ನಮ್ಮ ಎತ್ತರಕ್ಕೆ ಪುಸ್ತಕದ ಅಂಕಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ ಬರುವುದು ಸಹಜ. ಗಮನಿಸಬೇಕಾದದ್ದು ಸಿಲಿಂಡರುಗಳ ನಡುವಿನ ವ್ಯತ್ಯಾಸ, ಅದು ಚದರ ಸೆಂ.ಮೀ.ಗೆ 1 ಕೆಜಿ ಮೀರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.